ಒಂದು ಮೊಟ್ಟೆಯ ಆಮಿಷ

ಮಗಳ ಬೆರಳು ಸುಟ್ಟಿದ್ದು ಆದೆಮ್ಮನಿಗೆ ಗೊತ್ತಾಗಲಿಲ್ಲ. ಪಾಸ್ಟರಿಗೆ ಗೊತ್ತಾಯಿತು.

ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ನಾಚಿಕೆ. ಆದರೆ ನಡೆದದ್ದು ಹಾಗೆಯೇ. ಅವಳು ನಸುಕಿನ ಐದಕ್ಕೆ ಮನೆ ಬಿಡುತ್ತಿದ್ದಳು. ರಾಯಚೂರಿನ ಎರಡು ವಾರ್ಡುಗಳ ಚರಂಡಿ ಅವಳ ಪಾಲಿಗಿತ್ತು. ಗುತ್ತಿಗೆದಾರ ಅಮರೇಗೌಡನ ಕೈಕೆಳಗಿನ ಕೆಲಸ. ಉದ್ದ ಹಿಡಿಕೆಯ ಒಂದು ಸಲಿಕೆ, ಒಂದು ಕಬ್ಬಿಣದ ಬುಟ್ಟಿ. ಕೈಗವಸು ಕೊಡುತ್ತಿದ್ದರು, ಫೋಟೋ ತೆಗೆಯುವ ದಿನ. ಫೋಟೋ ಮುಗಿದ ಮೇಲೆ ವಾಪಸು ಇಸಕೊಳ್ಳುತ್ತಿದ್ದರು. ಕಪ್ಪು ರಾಡಿ ಎತ್ತಿ ರಸ್ತೆಯ ಅಂಚಿಗೆ ಹಾಕಬೇಕು. ನೀರು ಬಸಿದ ಮೇಲೆ ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟು ಟ್ರ್ಯಾಕ್ಟರಿಗೆ ಸುರಿಯಬೇಕು. ಎಷ್ಟು ಬಸಿದರೂ ಬುಟ್ಟಿ ಸೋರುತ್ತಿತ್ತು. ಹಣೆಯ ಮೇಲೆ, ಕಣ್ಣಿಗೆ, ತುಟಿಗೆ.

ಮಧ್ಯಾಹ್ನ ಮನೆಗೆ ಬಂದು ಎರಡು ಸಲ ಮೈ ತೊಳೆಯುತ್ತಿದ್ದಳು. ಕೈಯ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೇ ಅವಳು ಮಗಳಿಗೆ ತುತ್ತು ಮಾಡಿ ಕೊಡುತ್ತಿರಲಿಲ್ಲ. ತಲೆ ಬಾಚುತ್ತಿರಲಿಲ್ಲ. ಹತ್ತು ವರ್ಷದ ವಿಜಯಲಕ್ಷ್ಮಿ ತನ್ನ ಗಂಗಾಳ ತಾನೇ ಬಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಗಂಡ ಮೌನೇಶ ಮೂಲೆಯಲ್ಲಿ ಮಲಗಿರುತ್ತಿದ್ದ. ಅವನು ಮಾರುಕಟ್ಟೆಯಲ್ಲಿ ಹಮಾಲಿಯಾಗಿದ್ದ. ಎರಡು ವರ್ಷದ ಹಿಂದೆ ಲಾರಿಯ ಮೇಲಿಂದ ಚೀಲ ಜಾರಿ ಸೊಂಟದ ಮೇಲೆ ಬಿತ್ತು. ಅಂದಿನಿಂದ ಎದ್ದು ಕೂರಬಲ್ಲ, ಬಗ್ಗಲಾರ. ಮನೆಯಲ್ಲಿ ದುಡಿಯುವ ಕೈ ಎಂದರೆ ಆ ವಾಸನೆಯ ಎರಡು ಕೈ.

ರೈಲ್ವೆ ಗೇಟಿನಾಚೆ ಅವರ ಓಣಿ. ಸುಣ್ಣದ ಬಟ್ಟಿ ಓಣಿ ಎಂದು ಹೆಸರು. ಬಟ್ಟಿ ಈಗಿಲ್ಲ. ಅರವತ್ತು ತಗಡಿನ ಮನೆಗಳಿವೆ, ಒಂದು ನಳ ಇದೆ. ಅರ್ಧ ಮಾದಿಗರು, ಅರ್ಧ ಸಾಬರು. ನಳದ ಮುಂದೆ ಕೊಡಗಳು ಜಗಳವಾಡುತ್ತವೆ, ಜಾತಿ ಆಡುವುದಿಲ್ಲ.

ಮೂರು ವರ್ಷದ ಹಿಂದೆ ಆ ಓಣಿಗೆ ಪಾಸ್ಟರ್ ಯೇಸುಮಿತ್ರ ಬಂದ. ಪಾಸ್ಟರ್ ಎಂದರೆ ದೊಡ್ಡ ಚರ್ಚು, ಬಿಳಿ ನಿಲುವಂಗಿ ಎಂದುಕೊಳ್ಳಬೇಡಿ. ಹಗಲು ಅವನು ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ಉಗುರ ಸಂದಿಯಲ್ಲಿ ಯಾವಾಗಲೂ ನೀಲಿಯೋ ಹಳದಿಯೋ ಇರುತ್ತಿತ್ತು. ದೇವದುರ್ಗದ ಕಡೆಯ ಹಳ್ಳಿಯವನು. ಅವನ ಅಪ್ಪ ಸತ್ತ ದನ ಎಳೆದವನು. ಎಳೆದ ಹಗ್ಗದ ಗುರುತು ಸಾಯುವ ತನಕ ಅಪ್ಪನ ಹೆಗಲ ಮೇಲಿತ್ತು ಎಂದು ಅವನೇ ಹೇಳುತ್ತಿದ್ದ.

ಓಣಿಯ ಮುನವ್ವರ್ ಬೀ ಎಂಬ ಮುದುಕಿಗೆ ಗಂಡ ಬಿಟ್ಟುಹೋದ ಒಂದು ಗುಜರಿ ಶೆಡ್ಡು ಇತ್ತು. ಅದನ್ನು ಯೇಸುಮಿತ್ರ ಬಾಡಿಗೆಗೆ ಹಿಡಿದ. ಸಂಜೆ ಐದಕ್ಕೆ ಮಕ್ಕಳನ್ನು ಕರೆದ. ಮೊದಲು ಪಾಠವಲ್ಲ. ಮೊದಲು ಒಂದು ಬೋಗುಣಿ ನೀರು, ಒಂದು ಸಾಬೂನು. ಕೈ ತೊಳೆಸುತ್ತಿದ್ದ. ಉಗುರು ಕತ್ತರಿಸುತ್ತಿದ್ದ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ ಹಿಡಿದು ಒಬ್ಬೊಬ್ಬರ ತಲೆ ಬಾಚುತ್ತಿದ್ದ. ಆಮೇಲೆ ಮಗ್ಗಿ, ಭಾಗಾಕಾರ, ಕಾಗುಣಿತ. ಕೊನೆಗೆ ಒಂದು ಕಥೆ, ಒಂದು ಹಾಡು. ಕಣ್ಣು ಮುಚ್ಚಿ ಪ್ರಾರ್ಥನೆ. ಶನಿವಾರ ತಲೆಗೊಂದು ಬೆಂದ ಮೊಟ್ಟೆ. ಶನಿವಾರದ ಪ್ರಾರ್ಥನೆಗೆ ಎಲ್ಲ ಮಕ್ಕಳೂ ಒಂದೇ ಕಣ್ಣು ಮುಚ್ಚುತ್ತಿದ್ದರು.

ಮೊದಲ ವಾರವೇ ಆದೆಮ್ಮ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತು ಕೇಳಿದ್ದಳು.

"ನಮ್ಮ ಹುಡುಗ್ರನ್ನ ನಿಮ್ಮ ದೇವರ ಪಾಲು ಮಾಡ್ಕಂತೀಯೇನು?"

ಯೇಸುಮಿತ್ರ ಒಬ್ಬ ಹುಡುಗಿಯ ಉಗುರು ಕತ್ತರಿಸುತ್ತಿದ್ದ. ತಲೆ ಎತ್ತಿದ.

"ನನ್ನ ದೇವರ ಮಾತು ಹೇಳ್ತೀನವ್ವ. ಹೇಳಂಗಿಲ್ಲ ಅಂತ ಸುಳ್ಳ್ಯಾಕ ಆಡ್ಲಿ? ಆದ್ರ ನಿನ್ನ ಮಗಳ ಹೆಸರು ನಾ ಮುಟ್ಟಂಗಿಲ್ಲ. ಹಣಿ ಮ್ಯಾಲಿನ ಕುಂಕುಮ ಮುಟ್ಟಂಗಿಲ್ಲ. ಬ್ಯಾಡಂದ್ರ ಇವತ್ತೇ ಕರಕೊಂಡ್ ಹೋಗು."

ಮುನವ್ವರ್ ಬೀ ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ಅವಳ ಮೊಮ್ಮಗಳು ಗುಲ್ನಾಜ್ ಮೊದಲ ಸಾಲಿನಲ್ಲೇ ಕೂತಿದ್ದಳು.

"ಅರೇ, ಹಾಡು ಈ ಕಿವ್ಯಾಗ ಹೋಗಿ ಆ ಕಿವ್ಯಾಗ ಬರ್ತದ, ಆದೆಮ್ಮ. ಲೆಕ್ಕ ಮಾತ್ರ ತಲ್ಯಾಗ ಕುಂತದ ನೋಡು. ನಮ್ಮ ಗುಲ್ನಾಜ್ ಎರಡರ ಮಗ್ಗಿ ಹೇಳ್ತಾಳ. ನಮ್ಮ ಖಾನ್‌ದಾನ್‌ದಾಗ ಯಾರು ಹೇಳ್ಯಾರ?"

ಆದೆಮ್ಮ ಮಗಳನ್ನು ಅಲ್ಲೇ ಬಿಟ್ಟು ಬಂದಳು.

ಮೂರು ವರ್ಷದಲ್ಲಿ ವಿಜಯಲಕ್ಷ್ಮಿ ಐದನೆಯ ತರಗತಿಗೆ ಬಂದಳು. ಸರ್ಕಾರಿ ವಸತಿ ಶಾಲೆಯ ಪರೀಕ್ಷೆಗೆ ಕೂಡಿಸೋಣ ಎಂದು ಯೇಸುಮಿತ್ರನೇ ಅರ್ಜಿ ತಂದ. ಆ ಶಾಲೆಯಲ್ಲಿ ಊಟ ಇದೆ, ಹಾಸಿಗೆ ಇದೆ, ಪಿಯುಸಿ ತನಕ ಓದಿಸುತ್ತಾರೆ. ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಹಚ್ಚಬೇಕು ಅಷ್ಟೆ. ಈ ಓಣಿಯಿಂದ, ಈ ವಾಸನೆಯಿಂದ ಮಗಳು ಹೊರಗೆ ಹೋಗುವ ಒಂದೇ ಬಾಗಿಲು ಅದು ಎಂದು ಆದೆಮ್ಮನಿಗೆ ಅನ್ನಿಸಿತ್ತು.

ಒಂದು ಶನಿವಾರ ಕೈ ತೊಳೆಸುವಾಗ ವಿಜಯಲಕ್ಷ್ಮಿ ಬಲಗೈ ಬೆನ್ನ ಹಿಂದೆ ಇಟ್ಟುಕೊಂಡಳು. ಯೇಸುಮಿತ್ರ ಹಿಡಿದು ನೋಡಿದ. ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಲಿದಿತ್ತು. ಎರಡು ಕಡೆ ಕೆಂಪು ಮಾಂಸ ಕಾಣುತ್ತಿತ್ತು.

"ಸುಣ್ಣ ತಾಗೇದ," ಅಂದಳು ಹುಡುಗಿ.

"ಸುಳ್ಳು ಹೇಳ್ತಾಳ ಸರ್," ಅಂದಳು ಗುಲ್ನಾಜ್. "ಸಾಲ್ಯಾಗ ಪಾಯಖಾನಿ ತೊಳಿಯಾಕ ಹಚ್ಚಿದ್ರು. ಆಸಿಡ್ ಚೆಲ್ಲಿತು. ನಮ್ಮ ಓಣಿ ಹುಡುಗ್ಯಾರ ಪಾಳಿ."

"ಉಳದಾರ ಪಾಳಿ ಯಾವಾಗ?"

ಗುಲ್ನಾಜ್ ಯೋಚಿಸಿದಳು. "ಅವರ ಪಾಳಿ ಇನ್ನಾ ಬಂದಿಲ್ಲ ಸರ್. ದಿನಾ ನಮ್ದೇ ಬರ್ತದ."

ಯೇಸುಮಿತ್ರ ಹುಡುಗಿಯನ್ನು ಮನೆಗೆ ಕರೆತಂದ. ಆದೆಮ್ಮ ಮಗಳ ಕೈ ಹಿಡಿದು ಬಾಗಿಲ ಬೆಳಕಿಗೆ ತಂದಳು. ಎಷ್ಟು ದಿನದ ಮೇಲೆ ಮಗಳ ಕೈ ಹಿಡಿದಿದ್ದಳೋ ಅವಳಿಗೇ ನೆನಪಿಲ್ಲ.

"ನನಗ್ಯಾಕ ಹೇಳ್ಲಿಲ್ಲಬೇ?"

ಹುಡುಗಿ ಅವಳ ಮುಖ ನೋಡಲಿಲ್ಲ. ಅವಳ ಕೈಗಳನ್ನು ನೋಡಿದಳು. ಬಿರಿದ, ಕೆರೆದ, ಉಗುರು ಕಪ್ಪಾದ ಕೈ.

"ನಿನ್ನ ಕೈನೂ ಹಂಗೇ ಅದಾವಲ್ಲ ಯವ್ವಾ."

ಮೌನೇಶ ಮೂಲೆಯಲ್ಲಿ ಆ ಕಡೆ ಹೊರಳಿದ. ಆದೆಮ್ಮ ಅಳಲಿಲ್ಲ. ಸೋಮವಾರ ಕೆಲಸಕ್ಕೆ ಹೋಗಲಿಲ್ಲ. ಮಗಳ ಕೈ ಹಿಡಿದು ಶಾಲೆಗೆ ಹೋದಳು. ಯೇಸುಮಿತ್ರನೂ ಜೊತೆಗೆ ಬಂದ.

ಹೆಡ್ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷ. ಅವನು ಅಮರೇಗೌಡನ ತಮ್ಮ. ಇವರಿಗೆ ಕೂರು ಅನ್ನಲಿಲ್ಲ.

"ಅದು ಶ್ರಮದಾನ," ಅಂದರು ಹೆಡ್ ಮೇಷ್ಟ್ರು. "ಮಕ್ಕಳಿಗೆ ಸ್ವಚ್ಛತಾ ಕಲಸಬೇಕಂತ ಮ್ಯಾಲಿಂದ ಆದೇಶ ಅದ."

"ಛಲೋ ಆತು ಸರ್," ಅಂದ ಯೇಸುಮಿತ್ರ. ಅವನ ದನಿ ಯಾವಾಗಲೂ ಮೆತ್ತಗೆ. "ಎಲ್ಲಾ ಮಕ್ಕಳಿಗೂ ಕಲಸ್ರಿ. ಪಾಳಿ ಪಟ್ಟಿ ಬರದು ಗೋಡಿಗೆ ಹಚ್ರಿ. ಆಸಿಡ್ ಮಾತ್ರ ಕೊಡಬ್ಯಾಡ್ರಿ."

ಅಧ್ಯಕ್ಷ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ನೀ ಪಾಸ್ಟರಲ್ಲ? ನಿನಗೇನು ಕೆಲಸ ಇಲ್ಲಿ?"

"ಈ ಮಕ್ಕಳಿಗೆ ಸಂಜಿಕ ಪಾಠ ಹೇಳ್ತೀನ್ರಿ."

"ಪಾಠ ಹೇಳ್ತೀಯೋ, ಪಂಥ ಹಿಡಸ್ತೀಯೋ?"

ಹೆಡ್ ಮೇಷ್ಟ್ರು ಆದೆಮ್ಮನ ಕಡೆ ತಿರುಗಿದರು. "ನೋಡವ್ವ. ನೀ ದಿನಾ ಗಟಾರಕ್ಕ ಇಳಿತಿ. ನಿನ್ನ ಮಗಳು ಒಂದು ಪಾಯಖಾನಿಗೆ ನೀರು ಹಾಕಿದ್ರ ಏನು ಕಡಿಮಿ ಆತು?"

ಆ ಮಾತು ಆದೆಮ್ಮನನ್ನು ಮುಂದೆ ಎಷ್ಟೋ ದಿನ ತಿಂದಿತು. ತಾನು ಗಟಾರಕ್ಕೆ ಇಳಿದದ್ದು ಮಗಳು ಇಳಿಯಬಾರದೆಂದು. ಇಷ್ಟು ಸಣ್ಣ ಮಾತು ಆಗ ಬಾಯಿಗೆ ಬರಲಿಲ್ಲ.

ಯೇಸುಮಿತ್ರ ಮಗುವಿನ ಕೈಯ ಫೋಟೋ ಹಚ್ಚಿ ಶಿಕ್ಷಣ ಇಲಾಖೆಗೆ ಅರ್ಜಿ ಕೊಟ್ಟ. ಕೆಳಗೆ ತನ್ನ ಹೆಸರು ಪೂರ್ತಿ ಬರೆದ.

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಶನಿವಾರ. ಸಂಜೆ ಆರಕ್ಕೆ ಹತ್ತು ಬೈಕು ಓಣಿಯೊಳಗೆ ಬಂದವು. ಹೆಗಲ ಮೇಲೆ ಶಾಲು, ಕೈಯಲ್ಲಿ ಮೊಬೈಲು. ಮಕ್ಕಳ ಕೈಯಲ್ಲಿ ಆಗತಾನೆ ಕೊಟ್ಟ ಮೊಟ್ಟೆಗಳಿದ್ದವು. ಒಬ್ಬ ಯೇಸುಮಿತ್ರನ ಕೆನ್ನೆಗೆ ಹೊಡೆದ. ಇನ್ನೊಬ್ಬ ಅದನ್ನು ಚಿತ್ರ ತೆಗೆದ. "ಇನ್ನೊಂದ್ಸಲ ಹೊಡಿ, ಸರಿ ಬಂದಿಲ್ಲ," ಅಂದ. ಇನ್ನೊಂದು ಸಲ ಹೊಡೆದರು. ಗುಲ್ನಾಜ್ ಗೋಡೆಗೆ ಅಂಟಿಕೊಂಡು ಮೊಟ್ಟೆಯನ್ನು ಪೂರಾ ಬಾಯಿಗೆ ತುಂಬಿಕೊಂಡಳು. ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಬಿಟ್ಟುಕೊಂಡು ನಿಂತಳು.

ಪೊಲೀಸರು ಬಂದರು. ಹೊಡೆದವರನ್ನು ಹಿಡಿಯಲಿಲ್ಲ. ಹೊಡೆಸಿಕೊಂಡವನನ್ನು ಜೀಪು ಹತ್ತಿಸಿದರು. ಶೆಡ್ಡಿಗೆ ಬೀಗ ಜಡಿದು ಅರಗು ಹಾಕಿದರು. ಪಂಚನಾಮೆ ಬರೆದರು. ಬೇಯಿಸಿದ ಮೊಟ್ಟೆ ಇಪ್ಪತ್ತಾರು. ಬಾಚಣಿಗೆ ಮೂರು. ಸಾಬೂನು ಒಂದು. ಪಾಟಿ ಹನ್ನೊಂದು. ಕಪ್ಪು ರಟ್ಟಿನ ಪುಸ್ತಕ ಒಂದು. ಮೇಲೆ ದಪ್ಪ ಅಕ್ಷರದಲ್ಲಿ: ಮತಾಂತರಕ್ಕೆ ಬಳಸಿದ ಆಮಿಷದ ವಸ್ತುಗಳು.

ಆದರೆ ಕೇಸು ನಿಲ್ಲಬೇಕಾದರೆ ಮಗುವಿನ ತಾಯಿಯೋ ತಂದೆಯೋ ದೂರು ಕೊಡಬೇಕಿತ್ತು. ಮರುದಿನ ಕೆಲಸದ ನಡುವೆ ಮೇಸ್ತ್ರಿ ಜಂಬಣ್ಣ ಬಂದ. ಆದೆಮ್ಮ ಮೊಣಕಾಲುದ್ದ ರಾಡಿಯಲ್ಲಿ ನಿಂತಿದ್ದಳು.

"ಮ್ಯಾಲೆ ಬಾ. ಗೌಡ್ರು ಠಾಣೆಗೆ ಕರೆಯಾಕತ್ಯಾರ."

"ಕಾಲು ತೊಳಕೊಂಡು ಬರ್ತೀನಿ."

"ಹಂಗೇ ಬಾ."

ಠಾಣೆಯಲ್ಲಿ ಅಮರೇಗೌಡ, ಪಿಎಸ್‌ಐ ಸಾಹೇಬರ ಎದುರು ಕುರ್ಚಿಯಲ್ಲಿ ಕೂತಿದ್ದ. ಆದೆಮ್ಮ ಬಾಗಿಲಲ್ಲಿ ನಿಂತಳು. ಅವಳ ಕಾಲ ರಾಡಿ ಫರಸಿಯ ಮೇಲೆ ಇಳಿಯಿತು. ಒಬ್ಬ ಪೇದೆ ಮೂಗು ಮುಚ್ಚಿಕೊಂಡ. ದೂರು ಮೊದಲೇ ಬರೆದು ಇಟ್ಟಿದ್ದರು. ಠಾಣೆಯ ಕಾಗದಪತ್ರ ಬರೆಯುವ ರೈಟರ್ ಓದಿದ. ಮೊಟ್ಟೆಯ ಆಸೆ ತೋರಿಸಿ ನನ್ನ ಮಗಳನ್ನು ಕರೆದೊಯ್ದ. ಕುಂಕುಮ ಅಳಿಸಿದ. ನಿಮ್ಮ ದೇವರು ಕಲ್ಲು ಅಂದ.

"ಹಂಗ ಅಂದಿಲ್ರಿ," ಅಂದಳು ಆದೆಮ್ಮ.

ಸಾಹೇಬರು ಸಿಟ್ಟಾಗಲಿಲ್ಲ. ಸಣ್ಣ ಮಗುವಿಗೆ ಲೆಕ್ಕ ತಿಳಿಸಿದಂತೆ ತಿಳಿಸಿದರು.

"ಕೇಳು. ಮಗಳ ವಸತಿ ಶಾಲಿ ಅರ್ಜಿಗೆ ಹಿಂದೂ ಮಾದಿಗ ಅಂತ ಸರ್ಟಿಫಿಕೇಟ್ ಹಚ್ಚೀಯಲ್ಲ? ಈಗ, ಮಗಳು ತನ್ನ ಖುಷಿಲಿಂದ ಅಲ್ಲಿ ಪ್ರಾರ್ಥನಿಗೆ ಹೋಗ್ತಿದ್ಲು ಅಂತಿ ಅಂದ್ರ ನೀವು ಕ್ರಿಶ್ಚನ್ ಆದ್ರಿ. ಸರ್ಟಿಫಿಕೇಟ್ ರದ್ದು. ಸೀಟು ಹೋತು. ಖುಷಿಲಿಂದ ಹೋಗಿಲ್ಲ ಅಂತಿ ಅಂದ್ರ ಅವ ಆಸಿ ಹಚ್ಚಿ, ಜುಲುಮಿ ಮಾಡಿ ಕರಕೊಂಡು ಹೋದ ಅಂತಾತು. ಇಲ್ಲಿ ಹೆಬ್ಬಟ್ಟು ಒತ್ತು. ಎರಡ್ರಾಗ ಒಂದು. ಮೂರನೇದು ಇಲ್ಲ."

ಅಮರೇಗೌಡ ಮಾತೇ ಆಡಲಿಲ್ಲ. ಎದ್ದು ಹೋಗುವಾಗ ಮಾತ್ರ ಜಂಬಣ್ಣನಿಗೆ ಅವಳಿಗೆ ಕೇಳುವಂತೆ ಹೇಳಿದ. "ನಾಳಿ ಹತ್ತರತನಕ ಟೈಮ್ ಕೊಡು. ಆಮ್ಯಾಲ ಹಾಜರಿ ಪುಸ್ತಕದಾಗ ಆಕಿ ಹೆಸರು ಹೊಡದು ಹಾಕು."

ಆ ಸಂಜೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮೌನೇಶ ಗೋಡೆ ಹಿಡಿದು ಎದ್ದು ಕೂತ.

"ಒತ್ತಿಬಿಡು."

"ಸುಳ್ಳದು."

"ಸುಳ್ಳೋ ಖರೇನೋ. ಅವನೇನು ನಿಮ್ಮ ಕಾಕಾನೇನು? ನಿನ್ನ ಕೆಲ್ಸ ಹೋದ್ರ ನನ್ನ ಗುಳಿಗಿ ಯಾರು ತರ್ತಾರ? ನಾ ಬಗ್ಗಾಕ ಬರಂಗಿದ್ರ ನಾನೇ ಹೋಗಿ ಒತ್ತಿ ಬರ್ತಿದ್ದೆ." ಹೇಳುತ್ತ ಹೇಳುತ್ತ ಅವನು ಗೋಡೆಗೆ ಮುಖ ತಿರುಗಿಸಿದ. "ಬಡವ ಸಿಟ್ಟು ಮಾಡಿದ್ರ ದವಡಿಗೆ ಮೂಲ ಅಂತಾರ, ಕೇಳಿಲ್ಲೇನು ನೀ?"

ಮುನವ್ವರ್ ಬೀ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ನಾನೂ ಠಾಣೆಗೆ ಹೋಗಿದ್ದೆ, ಆದೆಮ್ಮ. ಶೆಡ್ಡು ನಂದು, ನನ್ನ ಹೇಳಿಕಿ ಬರಕೋರಿ ಅಂದೆ. ಸಾಬರ ಹೇಳಿಕಿ ಬ್ಯಾಡ ಅಂದ್ರು. ನಮ್ಮ ಗುಲ್ನಾಜೂ ಅಲ್ಲೇ ಕುಂತು ಮೊಟ್ಟಿ ತಿಂದಾಳ ಅಂದೆ. ಆಕಿ ತಿಂದಿದ್ದಕ್ಕ ಕೇಸಿಲ್ಲ, ನಿಮ್ಮಾಕಿ ತಿಂದಿದ್ದಕ್ಕ ಕೇಸು, ಅಂದ್ರು." ಮುದುಕಿ ಬರಿಗೈ ತಿರುವಿದಳು. "ಮೊಟ್ಟಿ ಒಂದೇ ಗಡಿಗ್ಯಾಗ ಬೆಂದಾವ."

ಬೆಳಿಗ್ಗೆ ಹತ್ತಕ್ಕೆ ಆದೆಮ್ಮ ಠಾಣೆಗೆ ಹೋದಳು. ಒತ್ತಿಬಿಡಬೇಕೆಂದೇ ಹೋದಳು. ಅದನ್ನು ಮುಚ್ಚಿಟ್ಟು ಏನಾಗಬೇಕು. ದಾರಿಯುದ್ದಕ್ಕೂ ಹೆಬ್ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತ ಹೋದಳು.

ಯೇಸುಮಿತ್ರನನ್ನು ಒಳಗಿಂದ ಕರೆತಂದು ನೆಲದ ಮೇಲೆ ಕೂರಿಸಿದ್ದರು. ತುಟಿ ಊದಿತ್ತು. ಅಂಗಿಯ ಒಂದು ತೋಳು ಹರಿದಿತ್ತು. ಅವಳನ್ನು ನೋಡಿ ಅವನು ಎದ್ದು ನಿಲ್ಲಲು ಹೋದ, ಪೇದೆ ಭುಜ ಒತ್ತಿ ಕೂರಿಸಿದ.

"ಒತ್ತವ್ವ," ಅಂದ ಯೇಸುಮಿತ್ರ. "ನನಗ ಬ್ಯಾಸರಿಲ್ಲ. ಕೆಲ್ಸ ಉಳಸ್ಕೋ. ವಿಜಯಲಕ್ಷ್ಮಿ ಪರೀಕ್ಷಿ ಬರೀಲಿ. ಇವರನ್ನ ನಾ ಕ್ಷಮಿಸೀನಿ."

ಆದೆಮ್ಮನಿಗೆ ಒಮ್ಮೆಲೇ ಸಿಟ್ಟು ಬಂತು. ಸಾಹೇಬರ ಮೇಲೆ ಬರದ ಸಿಟ್ಟು, ಗೌಡನ ಮೇಲೆ ಬರದ ಸಿಟ್ಟು ಈ ಮೆತ್ತಗಿನ ಮನುಷ್ಯನ ಮೇಲೆ ಬಂತು.

"ನೀ ಕ್ಷಮಸ್ತಿ. ನಿನ್ನ ಹೊಡದಾರ, ನಿನ್ನ ಕ್ಷಮಾ ನೀ ಮಾಡ್ಕೋ. ನನ್ನ ಮಗಳ ಕೈ ಸುಟ್ಟಾರ. ಅದನ್ನ ಕ್ಷಮಾ ಮಾಡಾಕ ನೀ ಯಾರು?"

ಯೇಸುಮಿತ್ರ ತಲೆ ತಗ್ಗಿಸಿದ.

ರೈಟರ್ ಅವಳ ಹೆಬ್ಬೆರಳು ಹಿಡಿದು ಮಸಿಯ ದಿಂಬಿಗೆ ಒತ್ತಿದ. ಕಾಗದದ ಕಡೆ ಎಳೆದ. ಆದೆಮ್ಮ ಕೈ ಕಿತ್ತುಕೊಂಡಳು.

"ಮೊದ್ಲು ನಾ ಹೇಳಿದ್ದು ಬರಿ. ಐದನೇ ಕ್ಲಾಸಿನ ಹುಡುಗಿ ಕೈಗೆ ಆಸಿಡ್ ಕೊಟ್ಟಾರು ಯಾರು, ಬರಿ. ದಿನಾ ನಮ್ಮ ಹುಡುಗ್ಯಾರ ಪಾಳಿನೇ ಯಾಕ, ಬರಿ. ಅದರ ಕೆಳಗ ಒತ್ತೀನಿ."

"ಅದು ಬ್ಯಾರೆ ವಿಷಯ."

"ನನಗ ಅದೇ ವಿಷಯ."

"ನೀ ಹಿಂದೂನೋ ಅಲ್ಲೋ, ಅಷ್ಟು ಹೇಳು," ಅಂದರು ಸಾಹೇಬರು. ಈಗ ಅವರ ದನಿ ಏರಿತ್ತು.

"ನಿನ್ನಿತನಕ ಯಾರೂ ಕೇಳಿಲ್ಲಲ್ರಿ. ಗುಡಿ ಮುಂದಿನ ಗಟಾರ ಹದಿನಾಕು ವರ್ಷ ಬಳದೀನಿ. ಒಳಗ ಬಾ ಅಂತ ಒಬ್ರೂ ಕರದಿಲ್ಲ. ನೀರು ಕೇಳಿದ್ರ ಮ್ಯಾಲಿಂದ ಸುರುವ್ಯಾರ. ಇವತ್ತು ನಿಮಗ ಒಂದು ಹೆಬ್ಬಟ್ಟು ಬೇಕಾತು. ಹೆಬ್ಬಟ್ಟು ಬೇಕಾದಾಗ ನಾ ನಿಮ್ಮಾಕಿ ಆದ್ನ್ಯಾ?"

ಆದೆಮ್ಮ ಹೆಬ್ಬೆರಳ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ಹೊರಗೆ ಬಂದಳು. ಧೈರ್ಯ ಎಂದು ಓಣಿಯವರು ಆಮೇಲೆ ಹೇಳಿದರು. ಅವಳಿಗೆ ಆಗ ಕಂಡದ್ದು ಸೆರಗಿನ ಮೇಲಿನ ಮಸಿ, ಅಷ್ಟೆ.

ಇದರಿಂದ ಏನಾಯಿತು ಎಂದರೆ, ಸಾಹೇಬರನ್ನು ತಡೆಯುವಂಥದ್ದು ಏನೂ ಆಗಲಿಲ್ಲ. ಅದೇ ದಿನ ಮಧ್ಯಾಹ್ನ ಚನ್ನಮಲ್ಲಮ್ಮ ಹೆಬ್ಬೆಟ್ಟು ಒತ್ತಿದಳು. ಚನ್ನಮಲ್ಲಮ್ಮ ಅದೇ ಓಣಿಯವಳು, ಅದೇ ಗಟಾರದಲ್ಲಿ ಆದೆಮ್ಮನ ಜೊತೆ ಬುಟ್ಟಿ ಹೊತ್ತವಳು. ಗಂಡ ಸತ್ತವಳು, ಮೂರು ಮಕ್ಕಳು. ಅವಳ ಮಕ್ಕಳೂ ಶೆಡ್ಡಿಗೆ ಹೋಗುತ್ತಿದ್ದರು. ಕಾಗದದಲ್ಲಿ ಹೆಸರು ಮಾತ್ರ ಬದಲಾಯಿತು. ಉಳಿದದ್ದೆಲ್ಲ ಅದೇ.

ಯೇಸುಮಿತ್ರ ಹತ್ತೊಂಬತ್ತು ದಿನ ಜೈಲಿನಲ್ಲಿದ್ದ. ಜಾಮೀನು ಸಿಕ್ಕಿತು, ಕೇಸು ಮುಗಿಯುವ ತನಕ ರಾಯಚೂರು ನಗರಕ್ಕೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ. ಅವನು ಮಾನ್ವಿಯಲ್ಲಿದ್ದ ತಂಗಿಯ ಮನೆಗೆ ಹೋದ. ಅರಗು ಹಾಕಿದ ಶೆಡ್ಡಿನ ಮುಂದೆ ಮಕ್ಕಳು ಕೆಲವು ದಿನ ಸಂಜೆ ಬಂದು ಕೂತರು. ಆಮೇಲೆ ಬರಲಿಲ್ಲ.

ಆದೆಮ್ಮನ ಕೆಲಸ ಹೋಯಿತು. ವಿಜಯಲಕ್ಷ್ಮಿಯ ಅರ್ಜಿ ವಾಪಸು ಬಂತು. ಧರ್ಮದ ಬಗ್ಗೆ ಆಕ್ಷೇಪಣೆ ಇದೆ, ಜಾತಿ ಪ್ರಮಾಣಪತ್ರ ಪರಿಶೀಲನೆಯಲ್ಲಿದೆ ಎಂದು ಬರೆದಿದ್ದರು. ಪರೀಕ್ಷೆಯ ದಿನ ಹುಡುಗಿ ಮನೆಯಲ್ಲೇ ಇದ್ದಳು. ಬೆಳಿಗ್ಗೆಯಿಂದ ಸಂಜೆಯ ತನಕ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತ ಕೂತಳು. ಯಾರೂ ತಿದ್ದುವವರಿರಲಿಲ್ಲ.

ಆದೆಮ್ಮ ಮಾನ್ವಿ ಕಡೆಗೆ ಭತ್ತದ ನಾಟಿಗೆ ಹೋಗತೊಡಗಿದಳು. ಆಟೋದಲ್ಲಿ ಹದಿನೈದು ಹೆಂಗಸರು. ಕಾಲುವೆ ನೀರಿನ ಗದ್ದೆಯಲ್ಲಿ ಸೂರ್ಯ ಹುಟ್ಟಿದಾಗಿನಿಂದ ಬಗ್ಗಿ ನಿಂತರೆ ಮಧ್ಯಾಹ್ನದ ಊಟಕ್ಕೇ ಬೆನ್ನು ನೆಟ್ಟಗಾಗುವುದು. ಕಾಲ ಬೆರಳ ಸಂದಿಗಳು ಕೊಳೆತವು. ಆದರೆ ಇಲ್ಲಿಯ ಕೆಸರಿಗೆ ಕೆಸರಿನ ವಾಸನೆ ಇತ್ತು. ಅಷ್ಟೇ ಸಮಾಧಾನ.

ಒಂದು ದಿನ ವಾಪಸು ಬರುವಾಗ ಮಾನ್ವಿಯ ಒಂದು ಅಕ್ಕಿ ಗಿರಣಿಯ ಗೋಡೆಯ ಮೇಲೆ, ಬಿದಿರಿನ ಏಣಿಯಲ್ಲಿ ಯೇಸುಮಿತ್ರ ಕಂಡ. ಆದೆಮ್ಮ ಆಟೋ ನಿಲ್ಲಿಸಿ ಇಳಿದಳು. ಅವನು ಕುಂಚ ಹಿಡಿದೇ ಕೆಳಗೆ ಬಂದ. ಸೊರಗಿದ್ದ.

"ಹುಡುಗಿ ಕೈ ಗಾಯ ಮಾದಾವೇನವ್ವ?"

"ಮಾದಾವ. ಮತ್ತ ಅದೇ ಪಾಳಿ ನಡದದ. ಈಗ ಆಸಿಡ್ ಕೊಡಂಗಿಲ್ಲ. ಬರೇ ಕೈಲೆ ತೊಳಸ್ತಾರ."

ಯೇಸುಮಿತ್ರ ಕುಂಚವನ್ನು ನೆಲಕ್ಕಿಟ್ಟ. ಅವನ ಕಣ್ಣು ತುಂಬಿದವು.

"ನಾ ಬರಂಗಿಲ್ಲಲ್ಲ. ಕಾಲು ಕಟ್ಟ್ಯಾರ. ದಿನಾ ಪ್ರಾರ್ಥನಿ ಮಾಡ್ತೀನಿ. ಒಬ್ಬೊಬ್ಬರ ಹೆಸರು ಹಿಡದು."

"ಮಾಡು," ಅಂದಳು ಆದೆಮ್ಮ. ಅವನ ಮೇಲಿನ ಸಿಟ್ಟು ಯಾವಾಗ ಹೋಯಿತೋ ಅವಳಿಗೆ ತಿಳಿಯಲಿಲ್ಲ. "ನೀ ಇಲ್ಲಿಂದ ಅದನ್ನ ಮಾಡು. ಅಲ್ಲಿ ಕುಂದ್ರಾಕ ಒಬ್ರು ಬೇಕು."

"ಎಲ್ಲಿ?"

ಅವಳು ಬೆನ್ನು ತಿರುಗಿಸಿ ಹೊರಟಳು. ಆಟೋದವನು ಹಾರ್ನ್ ಹೊಡೆಯುತ್ತಿದ್ದ.

ಮರುದಿನ ನಾಟಿಗೆ ಹೋಗಲಿಲ್ಲ. ಶಾಲೆಯ ಗಂಟೆ ಹೊಡೆಯುವ ಮೊದಲೇ ಹೋಗಿ ಹುಡುಗಿಯರ ಪಾಯಖಾನೆಯ ಬಾಗಿಲಿಗೆ ಅಡ್ಡವಾಗಿ ಕಟ್ಟೆಯ ಮೇಲೆ ಕೂತಳು. ಪಾಯಖಾನೆಗೆ ಬಂದ ಹುಡುಗಿಯರಿಗೆ ದಾರಿ ಬಿಟ್ಟಳು. ಬಕೆಟ್ಟು, ಪೊರಕೆ ಹಿಡಿದು ಬಂದ ಓಣಿಯ ಇಬ್ಬರು ಹುಡುಗಿಯರಿಗೆ ಬಿಡಲಿಲ್ಲ.

"ಬಕೀಟು ಅಲ್ಲಿಡ್ರಿ. ಕ್ಲಾಸಿಗೆ ಹೋಗ್ರಿ."

ಹೆಡ್ ಮೇಷ್ಟ್ರು ಬಂದರು. "ಏನಿದು?"

"ತಾಯಿ ಅದೀನಿ. ಕುಂತೀನಿ."

"ಪೊಲೀಸ್ರನ್ನ ಕರೀಬೇಕೇನು?"

"ಕರೀರಿ. ಯಾಕ ಕುಂತೀ ಅಂತ ಕೇಳ್ತಾರ. ಹೇಳ್ತೀನಿ."

ಅವರು ಕರೆಯಲಿಲ್ಲ. ಬದಲಿಗೆ ಕಾದರು. ಕಾಯುವುದು ಅವರಿಗೆ ಗೊತ್ತಿತ್ತು. ಮೂರು ದಿನವಾಯಿತು. ಯಾರೂ ತೊಳೆಯಲಿಲ್ಲ. ಐದನೆಯ ದಿನ ವಾಸನೆ ತರಗತಿಗೆ ಬಂತು. ನೊಣ ಮುತ್ತಿದವು. ಹುಡುಗಿಯರು ಬಾಗಿಲ ತನಕ ಬಂದು ಮೂಗು ಹಿಡಿದು ವಾಪಸು ಹೋಗತೊಡಗಿದರು. ದೊಡ್ಡ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು. ವಿಜಯಲಕ್ಷ್ಮಿಯೂ ಬಿಟ್ಟಳು. ಸಂಜೆ ಮನೆಗೆ ಓಡಿ ಬಂದು, ಹೊಟ್ಟೆ ಹಿಡಿದುಕೊಂಡು ಬಗ್ಗುತ್ತಿದ್ದಳು.

"ನೋಡು," ಅಂದರು ಹೆಡ್ ಮೇಷ್ಟ್ರು, ಮೂಗಿಗೆ ಕರವಸ್ತ್ರ ಹಿಡಿದು. "ನಿನ್ನ ಹಟಕ್ಕ ಎಲ್ಲಾ ಹುಡುಗ್ಯಾರು ಸಾಯಾಕತ್ಯಾರ. ಇಷ್ಟು ಕಳಕಳಿ ಇದ್ರ ನೀನೇ ತೊಳಿ. ನಿನಗೇನು ಹೊಸದಲ್ಲ."

ಅದು ಅವಳಿಗೆ ಗೊತ್ತಿತ್ತು. ಬಕೆಟ್ಟು ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅರ್ಧ ಗಂಟೆಯ ಕೆಲಸ. ಕೈಗಳು ತಾವಾಗಿಯೇ ಎದ್ದು ಹೋಗಲು ನೋಡುತ್ತಿದ್ದವು. ಅವಳು ಅವನ್ನು ತೊಡೆಯ ಕೆಳಗೆ ಹಾಕಿ ಕೂತಳು. ತಾನು ಒಂದು ದಿನ ತೊಳೆದರೆ ನಾಳೆಯಿಂದ ಅದು ತನ್ನದಾಗುತ್ತದೆ. ತಾನು ಸತ್ತ ಮೇಲೆ ವಿಜಯಲಕ್ಷ್ಮಿಯದಾಗುತ್ತದೆ. ತೊಳೆಯದಿದ್ದರೆ ಇವತ್ತು ಮಗಳ ಹೊಟ್ಟೆ ನೋಯುತ್ತದೆ. ಸಾಹೇಬರು ಹೇಳಿದ ಹಾಗೆಯೇ. ಎರಡರಲ್ಲಿ ಒಂದು. ಮೂರನೆಯದು ಇಲ್ಲ.

ಏಳನೆಯ ದಿನ ಮುನವ್ವರ್ ಬೀ ಬಂದು ಒಂದು ಗಂಟೆ ಪಕ್ಕದಲ್ಲಿ ಕೂತಳು. ಮೊಣಕಾಲು ನೋಯುತ್ತದೆಂದು ಬೈಯುತ್ತ ಎದ್ದು ಹೋದಳು. ನಾಳೆ ಬರುತ್ತೇನೆ ಅಂದಳು. ಬರಲಿಲ್ಲ. ಮಗ ಬೇಡ ಅಂದನಂತೆ.

ಒಂಬತ್ತನೆಯ ದಿನ ಶಾಲೆಯ ಗೇಟಿನ ಮುಂದೆ ಕಸದ ಟ್ರ್ಯಾಕ್ಟರು ನಿಂತಿತು. ಹೆಡ್ ಮೇಷ್ಟ್ರು ಅಮರೇಗೌಡನ ತಮ್ಮನಿಗೆ ಹೇಳಿದ್ದರು, ತಮ್ಮ ಅಣ್ಣನಿಗೆ ಹೇಳಿದ್ದ. ಟ್ರ್ಯಾಕ್ಟರಿನಿಂದ ಇಳಿದವಳು ಚನ್ನಮಲ್ಲಮ್ಮ. ಕೈಯಲ್ಲಿ ಬಕೆಟ್ಟು, ಪೊರಕೆ, ಒಂದು ಬಾಟಲಿ ಆಸಿಡ್. ಮೇಸ್ತ್ರಿ ಜಂಬಣ್ಣ ಕೆಳಗೆ ಇಳಿಯಲಿಲ್ಲ. ಮೇಲೆ ಕೂತೇ ಕೂಗಿದ.

"ಹತ್ತು ನಿಮಿಷದಾಗ ಮುಗಸು. ಆಕಿ ಸರೀಲಿಲ್ಲ ಅಂದ್ರ ಆಕಿ ಮ್ಯಾಲೇ ನೀರು ಹಾಕು."

ಟ್ರ್ಯಾಕ್ಟರು ಮುಂದಿನ ಬೀದಿಗೆ ಹೋಯಿತು.

ಚನ್ನಮಲ್ಲಮ್ಮ ಮೈದಾನ ದಾಟಿ ಬಂದಳು. ಮೂರು ತಿಂಗಳಿಂದ ಇಬ್ಬರೂ ಮಾತಾಡಿರಲಿಲ್ಲ. ನಳದ ಹತ್ತಿರ ಒಬ್ಬಳಿದ್ದರೆ ಇನ್ನೊಬ್ಬಳು ಹೋಗುತ್ತಿರಲಿಲ್ಲ. ಅವಳು ಎದುರಿಗೆ ನಿಂತಳು. ಸೆರಗಿನಿಂದ ರಾಡಿಯ ವಾಸನೆ ಬರುತ್ತಿತ್ತು. ಆದೆಮ್ಮನಿಗೆ ಅದು ತನ್ನದೇ ವಾಸನೆ ಅನ್ನಿಸಿತು.

"ಹುಡುಗ್ಯಾರು ತೊಳಿಬಾರ್ದಂತ ನೀ ಕುಂತಿ," ಅಂದಳು ಚನ್ನಮಲ್ಲಮ್ಮ. "ಬರೋಬರಿ ಅದ. ಆದ್ರ ನನ್ನ ಕರದ್ರು. ಇನ್ಯಾರನ್ನ ಕರೀತಾರ."

ಆದೆಮ್ಮ ಆಸಿಡ್ ಬಾಟಲಿಯನ್ನು ನೋಡಿದಳು.

"ಒತ್ತಿದೆ ನಾನು. ಪಾಸ್ಟರ್ ನನ್ನ ಸಣ್ಣ ಹುಡುಗಿ ತಲಿ ಬಾಚ್ತಿದ್ದ. ಆಕಿ ಈಗ ನನ್ನ ಕೈಲೆ ಬಾಚಿಸ್ಕೊಳ್ಳಂಗಿಲ್ಲ. ದೂರ ಹೋಗಿ ಕುಂದರ್ತಾಳ." ಅವಳು ಬಕೆಟ್ಟು ಕೆಳಗಿಟ್ಟಳು. "ಜರಾ ಸರಿ."

"ಸರಿಯಂಗಿಲ್ಲ," ಅಂದಳು ಆದೆಮ್ಮ. "ನಿನ್ನ ಕೈಲೂ ತೊಳಸಂಗಿಲ್ಲ ನಾನು. ನೀರು ಹಾಕು ಬೇಕಾದ್ರ."

"ಸರಿಬೇ. ಕುಂದ್ರಾಕ ಜಾಗ ಬೇಕು."

ಆದೆಮ್ಮ ಅವಳ ಮುಖ ನೋಡಿದಳು. ಆಮೇಲೆ ಒಂದು ಗೇಣು ಸರಿದಳು. ಚನ್ನಮಲ್ಲಮ್ಮ ಕೂತಳು. ತರಗತಿಯ ಕಿಟಕಿಗಳಲ್ಲಿ ಮಕ್ಕಳ ತಲೆಗಳು ತುಂಬಿದವು. ಹೆಡ್ ಮೇಷ್ಟ್ರು ವರಾಂಡದಲ್ಲಿ ನಿಂತು ಯಾರಿಗೋ ಫೋನು ಮಾಡುತ್ತಿದ್ದರು. ಬೆನ್ನ ಹಿಂದೆ ನೊಣಗಳ ಸದ್ದು.

ಸ್ವಲ್ಪ ಹೊತ್ತಿಗೆ ಚನ್ನಮಲ್ಲಮ್ಮನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಬಡಿದುಕೊಳ್ಳತೊಡಗಿತು. ಜಂಬಣ್ಣನದೆಂದು ಇಬ್ಬರಿಗೂ ಗೊತ್ತಿತ್ತು. ಎತ್ತಿದರೆ ಕೆಲಸ ಉಳಿಯುತ್ತದೆ. ಅವಳು ಎತ್ತಲಿಲ್ಲ. ಬಂದ್ ಮಾಡಲೂ ಇಲ್ಲ. ಅದು ನಿಂತು ಮತ್ತೆ ಶುರುವಾಯಿತು. ಅವಳ ಕೈ ಅದರ ಮೇಲೆಯೇ ಇತ್ತು.